ಕಲಬುರಗಿ ಪ್ರಾಂತದ ಉದ್ಯಾನಗಳೂ ಜಲಾಶ್ರಯಗಳೂ

ದಖ್ಖನದ ಉದ್ಯಾನಗಳ ಪ್ರಸ್ತಾಪ ಬಂದಾಗಲೆಲ್ಲ, ಆ ಕಲೆಯು ಪಾರಸೀಕ ದೇಶದಿಂದ ಸುಲ್ತಾನರೊಡನೆ ಬಂದಿತೆಂದೂ, ಅದಕ್ಕೆ ಮೊದಲು ಈ ಬಿಸಿಲುನಾಡಿನಲ್ಲಿ ತೋಟವನ್ನು ಕುರಿತ ವಿಚಾರವೇ ಇರಲಿಲ್ಲವೆಂದೂ ಹೇಳುವುದು ವಾಡಿಕೆಯಾಗಿದೆ. ಕಲಬುರಗಿಯ ಮಟ್ಟಿಗೆ ಈ ಅಭಿಪ್ರಾಯವು ಮೇಲುನೋಟಕ್ಕೆ ಸರಿಯೆಂದೇ ತೋರುವುದು. ಕ್ರಿ. ಶ. ೧೩೪೭ರಲ್ಲಿ ಅಲಾಉದ್ದೀನ್ ಹಸನ್ ಬಹಮನ್ ಷಹನು ರಾಜ್ಯವನ್ನು ಸ್ಥಾಪಿಸಿ ಇಲ್ಲಿ ರಾಜಧಾನಿಯನ್ನು ಮಾಡಿಕೊಂಡನು. ಅವನ ವಂಶದವರು ಪಾರಸೀಕ ಭಾಷೆಯನ್ನೂ ಆ ದೇಶದ ವಿದ್ವಾಂಸರನ್ನೂ ಶಿಲ್ಪಿಗಳನ್ನೂ ಆದರಿಸಿದರು. ಆದರೆ ಗ್ರಂಥ, ಶಾಸನ, ನೆಲದ ಗುಣ ಎಂಬ ಮೂರು ಪ್ರಮಾಣಗಳನ್ನು ಒಟ್ಟಿಗಿಟ್ಟು ನೋಡಿದರೆ ಬೇರೊಂದು ಸಂಗತಿಯು ಗೋಚರವಾಗುತ್ತದೆ. ಈ ಪ್ರಾಂತದಲ್ಲಿ ತೋಟಗಾರಿಕೆಯ ಮೂಲವು ನೀರಿನ ನೆಲೆಯನ್ನು ಅರಿಯುವುದರಲ್ಲಿದೆ. ಆ ಅರಿವು ಬಹಮನಿಯರಿಗಿಂತ ಮೂರು ಶತಮಾನಗಳ ಹಿಂದೆಯೇ ಕನ್ನಡದಲ್ಲಿ ಗ್ರಂಥಸ್ಥವಾಗಿದ್ದಿತು. ಸುಲ್ತಾನರ ಕಾಲದ ನೂತನ ವಿದ್ಯೆಯೂ ಫಲಿಸಿದುದು ನೆಲವು ಒಪ್ಪಿದ ಕಡೆಯಲ್ಲಿಯೇ.

೧. ನೆಲವೂ ಮಳೆಯೂ

ಕಲಬುರಗಿ ನಗರವು ದಖ್ಖನದ ಕಪ್ಪುಶಿಲೆಯ ಹಾಸಿನ ದಕ್ಷಿಣದ ಅಂಚಿನ ಸಮೀಪದಲ್ಲಿದೆ. ದಕ್ಷಿಣಕ್ಕೆ ಶಹಾಬಾದಿನ ಕಡೆ ನಡೆದರೆ ಸುಣ್ಣದ ಕಲ್ಲಿನ ಪದರಗಳು ದೊರೆಯುವುವು. ಈಶಾನ್ಯಕ್ಕೆ ಕಮಲಾಪುರ, ಹುಮನಾಬಾದುಗಳ ಮಾರ್ಗವಾಗಿ ಸಾಗಿದರೆ ನೆಲವು ಕ್ರಮವಾಗಿ ಏರುತ್ತ ಹೋಗಿ, ಬೀದರದಲ್ಲಿ ಕಪ್ಪುಶಿಲೆಯ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆಯುಳ್ಳ ಪ್ರಸ್ಥಭೂಮಿಯು ಎದುರಾಗುತ್ತದೆ. ಇಲ್ಲಿ ಹೇಳುವ ಕಮಲಾಪುರವು ಕಲಬುರಗಿಗೆ ಸುಮಾರು ೩೫ ಕಿಲೋಮೀಟರು ದೂರದಲ್ಲಿದ್ದು, ಈಗ ತಾಲೂಕು ಕೇಂದ್ರವಾಗಿರುವ ಊರು. ಹಂಪೆಯ ನೆರೆಯಲ್ಲಿ ದೊಡ್ಡ ಕೆರೆಯುಳ್ಳ ಕಮಲಾಪುರದೊಡನೆ ಇದನ್ನು ಬೆರೆಸಬಾರದು.

ಈ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು ೭೫೦ ಮಿಲಿಮೀಟರು ಮಳೆಯಾಗುವುದು. ಅದರ ಬಹುಭಾಗವು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಬಿದ್ದುಹೋಗುತ್ತದೆ. ಆದರೆ ಬಿಸಿಲೂ ಗಾಳಿಯೂ ಕೂಡಿ ವರ್ಷದಲ್ಲಿ ಹೀರಬಲ್ಲ ತೇವವು ಮಳೆಯ ಇಮ್ಮಡಿಗೂ ಮಿಕ್ಕುದು. ಮೇ ತಿಂಗಳಲ್ಲಿ ಹಗಲಿನ ತಾಪವು ೪೦ ಡಿಗ್ರಿ ಸೆಲ್ಸಿಯಸನ್ನು ಮೀರುವುದು ಸಾಮಾನ್ಯ. ಇದಕ್ಕೆ ತಕ್ಕಂತೆ ಎರೆಯ ಮಣ್ಣಿನ ಸ್ವಭಾವವೂ ವಿಚಿತ್ರವಾದುದು. ಮಳೆಗಾಲದಲ್ಲಿ ಅದು ನೀರುಂಡು ಉಬ್ಬಿ, ಮೇಲಿನ ನೀರನ್ನು ಕೆಳಗಿಳಿಯಗೊಡದೆ ಬೇರುಗಳನ್ನು ಕೊಳೆಯಿಸುವುದು. ಬೇಸಗೆಯಲ್ಲಿ ಬಿರಿದು ಎಳೆಯ ಬೇರುಗಳನ್ನು ಹರಿಯುವುದು. ಹಿಂಗಾರಿನ ಜೋಳಕ್ಕೆ ತಾಯಿಯಂತಿರುವ ಈ ಮಣ್ಣು, ಅರಿಯದೆ ನೆಟ್ಟ ಹೂಗಿಡಕ್ಕೆ ಮಲತಾಯಿಯಾಗುತ್ತದೆ. ಆದುದರಿಂದ ಇಲ್ಲಿ ತೋಟ ಮಾಡುವವನು ಮೊದಲು ವಿಚಾರಿಸಬೇಕಾದುದು ಗಿಡದ ಅಂದವನ್ನಲ್ಲ, ನೆಲದ ಇಳಿಜಾರನ್ನೂ ಅದರಡಿಯ ಜಲವನ್ನೂ.

೨. ಗ್ರಂಥಗಳೂ ಶಾಸನಗಳೂ

ಈ ವಿಚಾರವನ್ನು ನಮ್ಮ ಪೂರ್ವಿಕರು ಮಾಡಿದ್ದರೆಂಬುದಕ್ಕೆ ಮುಖ್ಯ ಪ್ರಮಾಣವು ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರಂ’ ಎಂಬ ಗ್ರಂಥ. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಳಿಕೆಯಲ್ಲಿ, ಕ್ರಿ. ಶ. ೧೦೨೫ರಲ್ಲಿ ಹುಟ್ಟಿದ ಈ ಕೃತಿಯು ಜ್ಯೋತಿಷ, ವಾಸ್ತು, ವೈದ್ಯ, ಪಾಕ ಮುಂತಾಗಿ ಗೃಹಸ್ಥನಿಗೆ ಬೇಕಾದ ಹಲವು ವಿಷಯಗಳನ್ನು ಕನ್ನಡದಲ್ಲಿ ಸಂಗ್ರಹಿಸಿದೆ. ಅವುಗಳ ನಡುವೆ ‘ಉದಕಾರ್ಗಳ’ ಮತ್ತು ‘ವೃಕ್ಷಾಯುರ್ವೇದ’ ಎಂಬೆರಡು ಪ್ರಕರಣಗಳು ಸೇರಿರುವುದು ಗಮನಾರ್ಹವಾಗಿದೆ. ಮೊದಲನೆಯದು ಮರ, ಹುತ್ತ, ಕಲ್ಲು, ಮಣ್ಣುಗಳ ಕುರುಹಿನಿಂದ ನೆಲದಡಿಯ ನೀರನ್ನು ತಿಳಿಯುವ ಬಗೆಯನ್ನು ಹೇಳುವುದು. ಎರಡನೆಯದು ಬೀಜಸಂಸ್ಕಾರ, ಗೊಬ್ಬರ, ಗಿಡಗಳ ರೋಗ, ಅವುಗಳ ಚಿಕಿತ್ಸೆಗಳನ್ನು ವಿವರಿಸುವುದು. ನೀರನ್ನು ಹುಡುಕುವ ಶಾಸ್ತ್ರವೂ ಮರವನ್ನು ಬೆಳೆಸುವ ಶಾಸ್ತ್ರವೂ ಒಂದೇ ಹೊತ್ತಗೆಯಲ್ಲಿ ಜೊತೆಗೂಡಿರುವುದರಿಂದ, ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದಿಲ್ಲವೆಂಬ ಭಾವನೆಯು ಆ ಕಾಲಕ್ಕೆ ಸ್ಥಿರಪಟ್ಟಿತ್ತೆಂದು ಊಹಿಸಬಹುದು.

ಈ ವಿದ್ಯೆಯ ಬೇರುಗಳು ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯವರೆಗೆ ಹೋಗುತ್ತವೆ. ಮರದಿಂದ ಮರಕ್ಕೆ ೨೦ ಮೊಳದ ಅಂತರವು ಉತ್ತಮ, ೧೬ ಮೊಳದ್ದು ಮಧ್ಯಮ, ೧೨ ಮೊಳದ್ದು ಕನಿಷ್ಠ ಎಂಬುದು ಅವನ ಮತ. ನೆಟ್ಟ ಗಿಡಕ್ಕೆ ಬೇಸಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರೆರೆಯಬೇಕೆಂದು ಅವನು ವಿಧಿಸುತ್ತಾನೆ. ಸೂತ್ರವು ಚಿಕ್ಕದಾದರೂ ಅದರ ಅರ್ಥ ದೊಡ್ಡದು: ನೀರನ್ನು ಅಳೆಯತಕ್ಕುದು ಮಣ್ಣಿನ ಸ್ಥಿತಿಯಿಂದಲೇ ಹೊರತು ತೋಟಿಗನ ಅಭ್ಯಾಸದಿಂದಲ್ಲ. ಮಳೆಗಾಲದಲ್ಲಿ ಬೇರು ಕೊಳೆಯುವ ಎರೆಯ ನೆಲಕ್ಕೆ ಈ ವಿಧಿಯು ವಿಶೇಷವಾಗಿ ಸಲ್ಲುವುದು.

ಲೋಕೋಪಕಾರಕ್ಕೆ ಒಂದು ಶತಮಾನದ ತರುವಾಯ, ಕ್ರಿ. ಶ. ೧೧೨೯ರ ಸುಮಾರಿಗೆ, ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಇದರಲ್ಲಿ ಅರಸನ ವಿನೋದಗಳನ್ನು ವರ್ಣಿಸುವಾಗ ಕೃತಕಶೈಲ, ಉದ್ಯಾನ, ವೃಕ್ಷಪೋಷಣೆಗಳ ವಿಚಾರವು ಬರುತ್ತದೆ. ಅರಮನೆಯ ಉಪವನವು ಆಗಲೇ ಒಂದು ಶಾಸ್ತ್ರಸಮ್ಮತವಾದ ರಚನೆಯಾಗಿತ್ತೆಂಬುದಕ್ಕೆ ಇಷ್ಟು ಸಾಕು. ಆ ಕಲ್ಯಾಣವು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕಲಬುರಗಿಗೆ ನೆರೆಯ ಊರು.

ಗ್ರಂಥಗಳು ಅರಸರ ಮತ್ತು ವಿದ್ವಾಂಸರ ಮಾತನ್ನು ಹೇಳಿದರೆ, ಶಾಸನಗಳು ಊರಿನ ನಡವಳಿಕೆಯನ್ನು ತಿಳಿಸುವುವು. ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ದೇವರ ನಂದಾದೀವಿಗೆಗೂ ನೈವೇದ್ಯಕ್ಕೂ ಬಿಟ್ಟ ಕೆಯ್ಯ ಜೊತೆಗೆ ‘ಪೂದೋಂಟ’ವನ್ನು ಪ್ರತ್ಯೇಕವಾಗಿ ಹೇಳುವುದುಂಟು. ಕೊಟ್ಟ ಭೂಮಿಯನ್ನು ಮತ್ತರು ಕಮ್ಮಗಳಲ್ಲಿ ಅಳೆದು, ಕೆರೆ, ಬಾವಿ, ಹಳ್ಳ, ಮರಗಳನ್ನು ಎಲ್ಲೆಗೆ ಗುರುತಾಗಿ ಹೇಳುವ ಪದ್ಧತಿಯೂ ಇದ್ದಿತು. ಇಂಥ ತೋಟವು ವಿಲಾಸಕ್ಕಾಗಿ ಹುಟ್ಟಿದುದಲ್ಲ. ದಿನವೂ ದೇವರಿಗೆ ಹೂ ಬೇಕು. ಬೇಸಗೆಯೆಂದು ಪೂಜೆ ನಿಲ್ಲದು. ವರ್ಷವಿಡೀ ಹೂ ಕೊಡಬೇಕಾದ ತೋಟಕ್ಕೆ ವರ್ಷವಿಡೀ ನೀರುಳ್ಳ ನೆಲೆಯನ್ನೇ ಆರಿಸಬೇಕಾಗುತ್ತಿತ್ತು.

೩. ಬಹಮನಿ ಸುಲ್ತಾನರ ಕಾಲ

ಹೀಗಿದ್ದ ನಾಡಿಗೆ ಬಹಮನಿಯರು ಬಂದು ನೆಲಸಿದರು. ಕಲಬುರಗಿಯ ಕೋಟೆಯೊಳಗೆ ೧೩೬೭ರಲ್ಲಿ ಕಟ್ಟಿದ ಜಾಮಿ ಮಸೀದಿಯು ೨೧೬ ಅಡಿ ಉದ್ದ, ೧೭೬ ಅಡಿ ಅಗಲವಾಗಿದ್ದು, ಬಯಲಂಗಳವೇ ಇಲ್ಲದೆ ಪೂರ್ತಿಯಾಗಿ ಮಾಡು ಹೊದೆದಿದೆ. ಅಲ್ಲಿಯ ಶಾಸನದಲ್ಲಿ ಕಜ್ವೀನಿನ ರಫಿಯೆಂಬವನ ಹೆಸರು ದೊರೆಯುತ್ತದೆ. ಪಾರಸೀಕ ದೇಶದ ಮಸೀದಿಗಳಲ್ಲಿ ಅಂಗಳವೂ ಅದರ ನಡುವಣ ಕೊಳವೂ ಪ್ರಧಾನವಾದುವು. ಆ ದೇಶದವನ ಹೆಸರುಳ್ಳ ಕಟ್ಟಡದಲ್ಲಿಯೇ ಅವೆರಡೂ ಇಲ್ಲ. ಬಿಸಿಲೊಂದೇ ಇದಕ್ಕೆ ಕಾರಣವೆಂದು ಸಾಧಿಸುವುದು ಸಲ್ಲದು. ಆದರೂ ಪಾರಸೀಕ ಮಾದರಿಯು ಇಲ್ಲಿಗೆ ಬಂದೊಡನೆ ಬದಲಾವಣೆ ಹೊಂದಿತೆಂಬುದೂ, ನೆರಳು ಈ ಊರಿನ ಮೊದಲ ಅವಶ್ಯಕತೆಯೆಂಬುದೂ ಆ ಕಮಾನುಗಳ ತಂಪಿನಲ್ಲಿ ನಿಂತವರಿಗೆ ತಿಳಿಯದಿರದು.

ಎರಡನೆಯ ಮಹಮ್ಮದನ ಆಳಿಕೆಯಲ್ಲಿ (೧೩೭೮–೧೩೯೭) ಕ್ಷಾಮವು ತಲೆದೋರಿದಾಗ ಮಾಳವ ಗುಜರಾತುಗಳಿಂದ ಸಾವಿರಾರು ಎತ್ತುಗಳ ಮೇಲೆ ಧಾನ್ಯವನ್ನು ತರಿಸಲಾಯಿತೆಂದು ಫಿರಿಷ್ತಾ ಬರೆಯುತ್ತಾನೆ. ಅನಂತರ ಪಟ್ಟವೇರಿದ ಫಿರೋಜ್ ಷಹನು ೧೪೦೦ರ ಸುಮಾರಿಗೆ ಕಲಬುರಗಿಯ ದಕ್ಷಿಣಕ್ಕೆ, ಭೀಮಾನದಿಯ ಪೂರ್ವದ ದಡದಲ್ಲಿ ಫಿರೋಜಾಬಾದೆಂಬ ಅರಮನೆಯ ಪಟ್ಟಣವನ್ನು ಕಟ್ಟಿಸಿದನು. ಮೂರು ಕಡೆ ಕೋಟೆಗೋಡೆ, ಪಶ್ಚಿಮಕ್ಕೆ ಹೊಳೆ. ನದಿಯಿಂದ ಅಗಲವಾದ ಕಾಲುವೆಯನ್ನು ತೆಗೆದು ಅರಮನೆಯ ಅಂಗಳಗಳಿಗೆಲ್ಲ ನೀರೊದಗಿಸಿದ್ದನೆಂದು ಅದೇ ಇತಿಹಾಸಕಾರನು ತಿಳಿಸುತ್ತಾನೆ. ಹೊಳೆಯನ್ನು ಕಲಬುರಗಿಗೆ ಎಳೆದು ತರುವ ಬದಲು ಅರಮನೆಯೇ ಹೊಳೆಯ ಬಳಿಗೆ ಹೋದುದು ಇಲ್ಲಿ ವಿಚಾರಾರ್ಹವಾದ ಅಂಶ.

ಆದರೆ ಈ ಪಟ್ಟಣವು ಬಹುಕಾಲ ಬಾಳಲಿಲ್ಲ. ೧೪೨೨ರಲ್ಲಿ ಫಿರೋಜನ ತಮ್ಮನಾದ ಅಹ್ಮದ್ ಷಹನು ಪಟ್ಟಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಕ್ಕೆ ಸಾಗಿಸಿದನು. ಹೊಳೆಯು ಇಂದಿಗೂ ಹರಿಯುತ್ತಿದೆ. ಅರಮನೆಯ ಅಂಗಳಗಳು ಮಾತ್ರ ಪಾಳುಬಿದ್ದಿವೆ. ನೀರಿನ ಸನ್ನಿಧಿಯೊಂದೇ ಉದ್ಯಾನಕ್ಕೆ ಸಾಲದು, ಕಾಲುವೆಯ ಹೂಳೆತ್ತಿ ಪಾತಿಯನ್ನು ತಿದ್ದುವ ಕೈಗಳೂ ತಪ್ಪದೆ ಇರಬೇಕೆಂಬುದು ಇದರಿಂದ ಸಿದ್ಧವಾಗುವುದು.

ಬೀದರದ ಪ್ರಸ್ಥದಲ್ಲಿ ಹೊಳೆಯಿಲ್ಲ. ಅಲ್ಲಿ ಹದಿನೈದನೆಯ ಶತಮಾನದಲ್ಲಿ ಪಾರಸೀಕ ವಿದ್ಯೆಯಾದ ಕಾರೇಜು ಪ್ರಯೋಗಕ್ಕೆ ಬಂದಿತು. ಜಂಬಿಟ್ಟಿಗೆಯ ಮೂಲಕ ಇಳಿದ ಮಳೆನೀರು ಕೆಳಗಿನ ಗಟ್ಟಿಯಾದ ಕಪ್ಪುಶಿಲೆಯನ್ನು ಮುಟ್ಟಿ ಅಲ್ಲಿ ನಿಲ್ಲುವುದು. ಆ ನೀರನ್ನು ನೆಲದಡಿಯ ಸುರಂಗದಿಂದ, ಯಂತ್ರವಾಗಲಿ ಎತ್ತಾಗಲಿ ಇಲ್ಲದೆ, ಇಳಿಜಾರಿನ ಬಲದಿಂದಲೇ ಹರಿಸುವುದು ಕಾರೇಜಿನ ಮರ್ಮ. ಸುರಂಗದಲ್ಲಿ ಹರಿಯುವ ನೀರನ್ನು ಬಿಸಿಲು ಮುಟ್ಟಲಾರದು. ನೌಬಾದಿನ ಕಾರೇಜಿನ ಗಾಳಿಬಾವಿಗಳು ಇಂದಿಗೂ ಕಾಣಸಿಗುವುವು. ಕಲಬುರಗಿಯ ಎರೆಯಲ್ಲಿ ಇಂಥ ರಚನೆಗೆ ಅನುಕೂಲವಾದ ಪದರವಿಲ್ಲ. ಹೊರಗಿನಿಂದ ಬಂದ ವಿದ್ಯೆಯನ್ನು ಕಡೆಗಣಿಸಬೇಕಾಗಿಲ್ಲ. ಅದು ಬೇರೂರಿದುದು ನೆಲದ ಅನುಮತಿಯಿಂದ ಎಂಬುದನ್ನು ನೆನೆದರೆ ಸಾಕು.

೪. ಕಮಲಾಪುರದ ಕಣಿವೆ

ಕಲಬುರಗಿಯಿಂದ ಬೀದರಕ್ಕೆ ಹೋಗುವ ಈ ದಾರಿಯಲ್ಲಿಯೇ, ಬಹಮನಿ ಕಾಲದ ಗುಮ್ಮಟಗಳುಳ್ಳ ಹೊಳಕುಂದಾ ಗ್ರಾಮವೂ ಕಮಲಾಪುರವೂ ಇವೆ. ಕಮಲಾಪುರವು ಕೆಂಪು ಬಾಳೆಗೆ ಪ್ರಖ್ಯಾತವಾಗಿದೆ. ಈ ಬಾಳೆಯ ಸಿಪ್ಪೆಯು ಕೆಂಪು, ತಿರುಳು ಕೆನೆಬಣ್ಣ. ಬೇರೆ ಬಾಳೆಗಳು ಒಂದು ವರ್ಷದ ಆಸುಪಾಸಿನಲ್ಲಿ ಗೊನೆ ಕೊಟ್ಟರೆ ಇದಕ್ಕೆ ಸುಮಾರು ಒಂದೂವರೆ ವರ್ಷ ಬೇಕು. ಆದುದರಿಂದ ಬೆಲೆಯೂ ಹೆಚ್ಚು. ಊರ ಹೆಸರಿನಲ್ಲಿಯೇ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಿದೆ.

ಬಾಳೆಯು ಬಹಳ ನೀರು ಬೇಡುವ ಗಿಡವಲ್ಲವೆ, ಬರದ ಸೀಮೆಯಲ್ಲಿ ಅದನ್ನು ವಿವೇಕದ ಕೃಷಿಗೆ ನಿದರ್ಶನವೆಂದು ಹೇಗೆ ಹೇಳುವುದು ಎಂಬ ಆಕ್ಷೇಪವು ನ್ಯಾಯವಾದುದೇ. ಇದಕ್ಕೆ ಉತ್ತರವು ಸ್ಥಳದಲ್ಲಿದೆ. ಈ ಬೆಳೆಯು ಹರಡಿರುವುದು ಕಮಲಾಪುರದ ಕಣಿವೆಯಲ್ಲಿ ಮತ್ತು ಅದರ ಸುತ್ತಣ ಕೆಲವು ಗ್ರಾಮಗಳಲ್ಲಿ ಮಾತ್ರ. ಎತ್ತರದ ನೆಲದ ಮಳೆಯು ತಗ್ಗಿಗೆ ಇಳಿದು ಬರುವುದು. ತಗ್ಗಿನಲ್ಲಿ ಬಾವಿಯ ನೀರು ಮೇಲಕ್ಕಿರುವುದು. ಬಾಳೆಯ ಎಲೆಯನ್ನು ಸೀಳುವ ಬಿಸಿಗಾಳಿಗೆ ದಿಣ್ಣೆಗಳೇ ಮರೆಯಾಗುವುವು. ಒಕ್ಕಲಿಗರು ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಹಾಕಿ ಮಣ್ಣಿನ ಹದವನ್ನು ಕಾಯುತ್ತಾರೆ. ಗಿಡವು ತನ್ನ ಸ್ಥಾನದಲ್ಲಿ ಇರುವತನಕ ಅದರ ದಾಹವು ಕಣಿವೆಯ ಆದಾಯದೊಳಗೆ ತೀರುವುದು. ಅದೇ ಬಾಳೆಯನ್ನು ಬೆಲೆಯ ಆಸೆಯಿಂದ ಮೇಲಿನ ಮಡ್ಡಿಗೆ ಒಯ್ದು ಕೊಳವೆಬಾವಿಯ ನೀರಿನಿಂದ ಸಾಕಿದರೆ, ಆ ನೀರು ಕಣಿವೆಯ ಬಾವಿಗಳಿಗೆ ಸೇರಬೇಕಾಗಿದ್ದ ನೀರೇ ಆಗಿರುವ ಸಂಭವವುಂಟು. ಆಗ ಮಡ್ಡಿಯ ತೋಟದೊಡನೆ ಕಣಿವೆಯ ತೋಟವೂ ಕೆಡುವುದು.

೫. ಇಂದಿನ ನಗರಕ್ಕೆ ಇದರ ಪ್ರಯೋಜನ

ಕಲಬುರಗಿ ನಗರವು ಈಗ ತನ್ನ ನೀರನ್ನು ಭೀಮಾ ಮತ್ತು ಬೆಣ್ಣೆತೊರೆಗಳಿಂದ ಕೊಳವೆಗಳಲ್ಲಿ ತರಿಸಿಕೊಳ್ಳುತ್ತಿದೆ. ನೀರು ದೂರದಿಂದ ಬರುವಾಗ ಅದರ ನೆಲೆಯು ಕಣ್ಣಿಗೆ ಮರೆಯಾಗುತ್ತದೆ. ನೆಲೆ ಮರೆಯಾದೊಡನೆ ತೋಟದ ಲೆಕ್ಕವೂ ತಪ್ಪುತ್ತದೆ. ಶೀತದೇಶದ ಹುಲ್ಲುಹಾಸು ಹೊಸ ಮನೆಗಳ ಅಂಗಳಕ್ಕೆ ಬಂದಿರುವುದು ಹೀಗೆಯೇ. ಇಂಗ್ಲೆಂಡಿನಲ್ಲಿ ಮೇಲಿಂದ ಮೇಲೆ ಬೀಳುವ ಹನಿಮಳೆಯಿಂದ ತಾನಾಗಿ ಬೆಳೆಯುವ ಹುಲ್ಲಿಗೆ ಇಲ್ಲಿ ಮೇ ತಿಂಗಳಲ್ಲಿ ದಿನವೂ ಕುಡಿಯುವ ನೀರನ್ನು ಎರೆಯಬೇಕಾಗುವುದು. ಅಷ್ಟಾದರೂ ಅದು ನೆರಳು ಕೊಡಲಾರದು. ಬೇವು, ಹುಣಿಸೆ, ಹೊಂಗೆ, ಆಲ, ಅರಳಿಗಳು ಮೊದಲ ಎರಡು ಮೂರು ಬೇಸಗೆ ಆರೈಕೆ ಪಡೆದರೆ, ಮುಂದೆ ಆಳದ ತೇವವನ್ನು ತಾವೇ ಹುಡುಕಿಕೊಂಡು ಒಂದು ತಲೆಮಾರಿಗೆ ನೆರಳಾಗುವುವು.

ನಗರದಲ್ಲಿ ಹಳೆಯ ಆಶ್ರಯಗಳು ಪೂರ್ತಿಯಾಗಿ ಅಳಿದಿಲ್ಲ. ನಿಜಾಮರ ಕಾಲದ ಮಹಬೂಬ್ ಗುಲ್ಶನ್ ಉದ್ಯಾನವಿದೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ (೧೭೪೬–೧೮೨೨) ದೇವಾಲಯದ ಬಳಿಯಲ್ಲಿ ಜನರು ಅಪ್ಪನ ಕೆರೆಯೆಂದು ಕರೆಯುವ ಕೆರೆಯಿದೆ. ಕೆರೆಯೆಂಬುದು ನೋಟಕ್ಕೆ ಮಾತ್ರ ಇರುವ ಜಲವಲ್ಲ. ಸುತ್ತಣ ಬಾವಿಗಳಿಗೂ ಮರಗಳಿಗೂ ಅದೇ ಊಡು. ಕೆರೆಗೆ ನೀರು ಬರುವ ಹಾದಿಗಳನ್ನು ಕಟ್ಟಡಗಳಿಂದ ಮುಚ್ಚಿ, ದಂಡೆಯಲ್ಲಿ ಉದ್ಯಾನವನ್ನು ರಚಿಸುವುದು ಬೇರನ್ನು ಕಡಿದು ಎಲೆಗೆ ನೀರು ಚಿಮುಕಿಸಿದಂತೆ.

ಮೇಲ್ಕಂಡ ಪ್ರಮಾಣಗಳಿಂದ ನಿಷ್ಪನ್ನವಾಗುವುದು ಇಷ್ಟು. ತೋಟಕ್ಕೆ ತಕ್ಕ ನೀರನ್ನು ಹೇಗಾದರೂ ತರುವೆವೆಂಬ ಸಾಹಸಕ್ಕಿಂತ, ನೀರಿಗೆ ತಕ್ಕ ತೋಟವನ್ನು ಮಾಡುವೆವೆಂಬ ವಿವೇಕವೇ ಈ ಸೀಮೆಯಲ್ಲಿ ಹಳೆಯದು. ಚಾವುಂಡರಾಯನ ಗ್ರಂಥವೂ, ದೇವರ ಪೂದೋಂಟವೂ, ಬೀದರದ ಸುರಂಗವೂ, ಕಮಲಾಪುರದ ಬಾಳೆಯೂ ಕಾಲದಿಂದಲೂ ಮತದಿಂದಲೂ ಬೇರೆಬೇರೆಯಾಗಿದ್ದು ಈ ಒಂದು ವಿಷಯದಲ್ಲಿ ಏಕವಾಕ್ಯತೆಯನ್ನು ಹೊಂದಿವೆ. ಫಿರೋಜಾಬಾದಿನ ಪಾಳು ಅಂಗಳಗಳು ಅವಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತವೆ: ನೀರಿನ ನೆಲೆಯನ್ನು ಆರಿಸುವುದು ಒಂದು ದಿನದ ಕೆಲಸ, ಅದನ್ನು ಕಾಯುವುದು ನಿತ್ಯದ ಕೆಲಸ. ಕಮಲಾಪುರದ ಒಕ್ಕಲಿಗರು ಈ ಎರಡನೆಯದನ್ನು ಇನ್ನೂ ನಡೆಸಿಕೊಂಡು ಬರುತ್ತಿದ್ದಾರೆ.