ಹಲ್ಲು ಎಣಿಸಿದ ಮೇಲೆ

ಕಳಂಬೋಲಿಗೆ ಎರಡು ಗುರುತು: ಒಂದು ಉಕ್ಕಿನ ಮಾರುಕಟ್ಟೆ, ಇನ್ನೊಂದು ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವ ಜಾಗ. ಇವೆರಡರ ಸುತ್ತ ಲಾರಿ ರಿಪೇರಿಯ ಶೆಡ್ಡುಗಳಿವೆ. ಅಂಥದ್ದೊಂದು ಶೆಡ್ಡಿನ ಮೇಸ್ತ್ರಿ ವಿಜಯಪುರದ ಕಡೆಯವರು. ಕಳೆದ ಮಳೆಗಾಲ ಅವರು ನನಗೆ ಹೇಳಿಕಳಿಸಿದ್ದು ಅನುವಾದಕ್ಕಾಗಿ. ಎರಡನೇ ಮಹಾಯುದ್ಧದ ಕಾಲದ ಒಂದು ಜೀಪು ದುರಸ್ತಿಗೆ ಬಂದಿತ್ತು. ಅದರ ಜತೆ 1944ರ ಫೆಬ್ರವರಿಯ ಅಮೆರಿಕನ್ ಸೇನಾ ಕೈಪಿಡಿ, ಟಿಎಂ 9-803ರ ಜೆರಾಕ್ಸ್ ಪ್ರತಿಯೂ ಇತ್ತು. ಮುಂದಿನ ಆಕ್ಸಲ್ ಬಗ್ಗೆ ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಹೇಳಬೇಕಿತ್ತು.

ಯುದ್ಧಕಾಲದ ಜೀಪು ಮೊದಲಿನಿಂದಲೂ ಎರಡು ಮನೆಯ ಕೂಸು. ವಿಲ್ಲೀಸ್ ಕಂಪನಿಯ ವಿನ್ಯಾಸವನ್ನು ಅಮೆರಿಕದ ಸೇನೆ 1941ರಲ್ಲಿ ಒಪ್ಪಿತು. ಬೇಡಿಕೆ ಪೂರೈಸಲು ಫೋರ್ಡ್ ಕಂಪನಿಗೂ ಅದೇ ಗಾಡಿ ತಯಾರಿಸಲು ಹೇಳಿತು. 1945ರ ಹೊತ್ತಿಗೆ ಇಬ್ಬರೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದರು. ವಿಲ್ಲೀಸ್‌ನದು ಎಂಬಿ, ಫೋರ್ಡ್‌ನದು ಜಿಪಿಡಬ್ಲ್ಯೂ. ಫೋರ್ಡ್‌ನವರು ಬೋಲ್ಟಿನ ತಲೆಯ ಮೇಲೂ ಇಂಗ್ಲಿಷಿನ ಎಫ್ ಅಕ್ಷರ ಒತ್ತುತ್ತಿದ್ದರು. ಹಾಗೆಂದು ಒಂದು ಎಫ್ ಕಂಡರೆ ಇಡೀ ಗಾಡಿ ಫೋರ್ಡ್ ಎಂದು ಹೇಳುವಂತಿಲ್ಲ. ಇದರ ಭಾಗ ಅದಕ್ಕೆ ಕೂಡುತ್ತಿತ್ತು. ಸೇನೆಗೆ ಬೇಕಾಗಿದ್ದೂ ಅದೇ.

ಮುಂದಿನ ಆಕ್ಸಲ್‌ನೊಳಗೆ ಇನ್ನೊಂದು ತೊಡಕಿದೆ. ಚಕ್ರ ತಿರುವಿದಾಗಲೂ ಶಕ್ತಿ ಸಾಗಿಸುವ ಜಾಯಿಂಟ್‌ಗಳಲ್ಲಿ ನಾಲ್ಕು ಬಗೆ: ಬೆಂಡಿಕ್ಸ್, ಆರು ಗುಂಡುಗಳ ರ್ಜೆಪ್ಪಾ, ಗುಂಡುಗಳೇ ಇಲ್ಲದ ಟ್ರಾಕ್ಟಾ, ಮತ್ತು ಸಾಮಾನ್ಯ ಕ್ರಾಸ್ ಇರುವ ಸ್ಪೈಸರ್. ಹೊರಗಿನಿಂದ ಆಕ್ಸಲ್ ಒಂದೇ ಥರ. ಬಿಚ್ಚಿದರೆ ಮಾತ್ರ ತಿಳಿಯುತ್ತದೆ.

ಭಾರತದಲ್ಲಿ ಗೊಂದಲ ಮತ್ತೂ ಬೆಳೆಯಿತು. ಯುದ್ಧ ಮುಗಿದ ಮೇಲೂ ಜೀಪಿನ ವಂಶ ಇಲ್ಲಿ ಮುಂದುವರಿಯಿತು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿ, 1948ರಲ್ಲಿ ಮಹೀಂದ್ರ ಆ್ಯಂಡ್ ಮಹೀಂದ್ರ ಎಂದು ಹೆಸರು ಬದಲಿಸಿಕೊಂಡ ಕಂಪನಿ, 40ರ ದಶಕದ ಕೊನೆಗೆ ಮುಂಬಯಿಯ ಮಜಗಾಂವ್‌ನಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಸಿಜೆ-3ಬಿ ಮಾದರಿ ಇಲ್ಲಿ ದಶಕಗಟ್ಟಲೆ ತಯಾರಾಯಿತು. ಹೀಗಾಗಿ ಯುದ್ಧದ ಜೀಪಿಗೆ ಬಿಡಿಭಾಗ ಬೇಕಾದಾಗ ಕೈಗೆ ಸಿಗುತ್ತಿದ್ದದ್ದು ಅದರ ಮೊಮ್ಮಕ್ಕಳದ್ದು. ಅದು ಬೋಲ್ಟಿಗೆ ಸರಿಯಾಗಿಯೇ ಕೂರುತ್ತಿತ್ತು.

ಕೂತದ್ದೆಲ್ಲ ಅದರದ್ದೇ ಎನ್ನುವಂತಿಲ್ಲ. ನನ್ನ ಕಸುಬಿನಲ್ಲೂ ಈ ಅಪಾಯ ಉಂಟು. ಹಿಂದಿಯ ಶಿಕ್ಷಾ ಎಂದರೆ ವಿದ್ಯೆ, ನಮ್ಮ ಶಿಕ್ಷೆ ಎಂದರೆ ದಂಡನೆ. ವಾಕ್ಯದಲ್ಲಿ ಪದ ಚೆನ್ನಾಗಿ ಕೂರುತ್ತದೆ, ಅರ್ಥ ಮಾತ್ರ ಮುರಿದಿರುತ್ತದೆ. ಜೀಪಿನಲ್ಲಿ ಮುರಿಯುವುದು ಕ್ರೌನ್ ಮತ್ತು ಪಿನಿಯನ್. ಯುದ್ಧದ ಜೀಪಿನ ಪಿನಿಯನ್‌ಗೆ 8 ಹಲ್ಲು, ಕ್ರೌನ್‌ಗೆ 39. ಸಿಜೆ-3ಬಿಯ ಪಿನಿಯನ್‌ಗೂ 8, ಆದರೆ ಕ್ರೌನ್‌ಗೆ 43. ಹಿಂದೆ 39, ಮುಂದೆ 43 ಇದ್ದರೆ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟಾಗ ಹಿಂದಿನ ಚಕ್ರ ಹತ್ತು ಸುತ್ತು ಹಾಕುವಷ್ಟರಲ್ಲಿ ಮುಂದಿನದು ಸುಮಾರು ಒಂಬತ್ತೇ ಸುತ್ತಲು ನೋಡುತ್ತದೆ. ಕೆಸರಿನಲ್ಲಿ ಟಯರು ಜಾರಿ ಲೆಕ್ಕ ಸರಿದೂಗಬಹುದು. ಡಾಂಬರಿನ ಮೇಲೆ ಆ ಜಗ್ಗಾಟವೆಲ್ಲ ಹಲ್ಲುಗಳ ಮೇಲೆ ಬೀಳುತ್ತದೆ. ಹಿಂದಿನ ಎರಡೇ ಚಕ್ರದಲ್ಲಿ ಓಡಿಸುವವರೆಗೆ ಏನೂ ಗೊತ್ತಾಗುವುದಿಲ್ಲ.

ಬಿಚ್ಚದೆಯೂ ಪರೀಕ್ಷಿಸಬಹುದು. ಫ್ರಂಟ್ ಲಿವರ್ ಬಿಡಿಸಿ, ಮುಂದಿನ ಎರಡೂ ಚಕ್ರ ನೆಲದಿಂದ ಎತ್ತಿ, ಒಂದನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತಿಗೆ ತುಸು ಕಡಿಮೆ ತಿರುಗಿದರೆ 39, ಐದು ದಾಟಿ ಮುಂದೆ ಹೋದರೆ 43.

ನಾವು ಶಾಫ್ಟಿಗೆ ಸೀಮೆಸುಣ್ಣದ ಗೀಟು ಎಳೆದು ತಿರುಗಿಸಿದೆವು. ಮುಂದೆ ಐದು ದಾಟಿತು. ಹಿಂದಿನದನ್ನೂ ಹಾಗೆಯೇ ನೋಡಿದೆವು, ಐದು ಮುಟ್ಟಲಿಲ್ಲ. "ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಅಂತಾರ. ಇದು ದಾನಕ್ಕ ಬಂದದ್ದಲ್ಲ, ಎಣಿಸಬೇಕು," ಎಂದರು ಮೇಸ್ತ್ರಿ.

ಆಗಲೇ ನನಗೆ ಗಾಡಿಯೊಳಗಿನ ಒಂದು ತಂತಿಯ ಅರ್ಥ ಹೊಳೆದದ್ದು. ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಲಿವರನ್ನು ಯಾರೋ ಬಹಳ ಹಿಂದೆಯೇ ತಂತಿ ಸುತ್ತಿ ಬಿಗಿದಿದ್ದರು. ಅದು ತುಕ್ಕು ಹಿಡಿದು ಲಿವರಿಗೇ ಅಂಟಿತ್ತು. ಬೇಜವಾಬ್ದಾರಿ ರಿಪೇರಿ ಎಂದು ನಾವು ಬೈದಿದ್ದೆವು. ಆ ಅಪರಿಚಿತನಿಗೆ 39ರ ಕ್ರೌನ್ ಸಿಕ್ಕಿರಲಿಲ್ಲ. ಸಿಕ್ಕಿದ್ದನ್ನು ಹಾಕಿ, ಮುಂದಿನವರು ಮುರಿದುಕೊಳ್ಳದಿರಲೆಂದು ಲಿವರು ಕಟ್ಟಿ ಹೋಗಿದ್ದ. ಕೈಪಿಡಿಯಲ್ಲಿ ಇಲ್ಲದ ಆ ಒಂದು ಸಾಲನ್ನು ಅವನು ತಂತಿಯಲ್ಲಿ ಬರೆದಿದ್ದ.

39ರ ಜೋಡಿ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಅದು ಕೂತು, ಲೆಕ್ಕ ತಾಳೆಯಾದ ಮೇಲೆ ಮೇಸ್ತ್ರಿ ತಂತಿ ಕತ್ತರಿಸಿದರು. ತೆಗೆದ 43ರ ಜೋಡಿಯನ್ನು ಗುಜರಿಗೆ ಹಾಕಲು ಮಾಲೀಕರು ಹೊರಟಿದ್ದರು, ನಾನು ಬೇಡವೆಂದೆ. ಗ್ರೀಸು ಸವರಿ, ಡಬ್ಬಿಯಲ್ಲಿಟ್ಟು, ಯಾವ ಗಾಡಿಯದ್ದು, ಎಂದು ತೆಗೆದದ್ದು, ಏಕೆ ತೆಗೆದದ್ದು ಎಂದು ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದೇವೆ. ತಂತಿಯ ತುಂಡೂ ಅದರಲ್ಲೇ ಇದೆ.