ಸರ್ವರ್‌ಲೆಸ್ ವೇದಿಕೆಗೆ ಹೊಸ ಭಾಷೆಯ ಸೇರ್ಪಡೆ

ಕರೆ ಬಂದಾಗ ಮಾತ್ರ ಒಂದು ಫಂಕ್ಷನ್ನನ್ನು ಎಬ್ಬಿಸಿ ಕೆಲಸ ಮಾಡಿಸಿಕೊಳ್ಳುವ ಕ್ಲೌಡ್ ವ್ಯವಸ್ಥೆಗೆ ಸರ್ವರ್‌ಲೆಸ್ ವೇದಿಕೆ ಎಂದು ಹೆಸರು. ಸರ್ವರ್ ಇರುವುದೇನೋ ನಿಜ. ಅದನ್ನು ಸಾಕುವ ತಲೆನೋವು ಪ್ರೋಗ್ರಾಮರಿಗಿಲ್ಲ, ಅಷ್ಟೆ. ಆ ಫಂಕ್ಷನ್ನನ್ನು ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬಹುದು ಎಂಬುದು ಮಾತ್ರ ಮೊದಮೊದಲು ವೇದಿಕೆಯ ಒಡೆಯರ ಮರ್ಜಿ. 2014ರ ನವೆಂಬರಿನಲ್ಲಿ ಬಂದ ಅಮೆಜಾನ್ ಲ್ಯಾಂಬ್ಡಾ ಆಗ ನೋಡ್‌ಜೆಎಸ್ ಒಂದನ್ನೇ ಒಪ್ಪುತ್ತಿತ್ತು. ಯಾರು ಬೇಕಾದರೂ ತಮ್ಮ ಭಾಷೆಯ ರನ್‌ಟೈಮ್ (ಆ ಭಾಷೆಯ ಪ್ರೋಗ್ರಾಮನ್ನು ಓಡಿಸುವ ತಂತ್ರಾಂಶ) ತರಬಹುದು ಎಂದು ಅದು ಬಾಗಿಲು ತೆರೆದದ್ದು 2018ರ ನವೆಂಬರಿನಲ್ಲಿ. ಓಪನ್ ಸೋರ್ಸ್ ವೇದಿಕೆಗಳಲ್ಲಿ ಆ ಬಾಗಿಲಿಗೆ ಬೀಗವೇ ಇರಲಿಲ್ಲ.

ಚೆನ್ನೈಯಲ್ಲಿ ಎರಡೂ ಬಗೆ ಕಾಣಸಿಗುತ್ತವೆ. ಅಲ್ಲಿಯ ಜೋಹೊ ಕಂಪನಿಯ ಕ್ಯಾಟಲಿಸ್ಟ್ ಓಪನ್ ಸೋರ್ಸ್ ಅಲ್ಲ. ಅದರ ಫಂಕ್ಷನ್‌ಗಳನ್ನು ಜಾವಾ, ನೋಡ್‌ಜೆಎಸ್, ಪೈಥಾನ್‌ಗಳಲ್ಲಿ ಬರೆಯಬಹುದು. ಮೈಕ್ರೋಸಾಫ್ಟ್ ಅಜೂರ್‌ನ 'ದಕ್ಷಿಣ ಭಾರತ' ಡೇಟಾ ಕೇಂದ್ರ 2015ರಿಂದ ಚೆನ್ನೈಯಲ್ಲಿದೆ. 2016ರಲ್ಲಿ ಬಂದ ಅಜೂರ್ ಫಂಕ್ಷನ್ಸ್‌ನಲ್ಲಿ ಫಂಕ್ಷನ್ ಓಡಿಸುವ ಹೋಸ್ಟ್ ತಂತ್ರಾಂಶ ಓಪನ್ ಸೋರ್ಸ್. 2020ರಿಂದ ಅದರಲ್ಲಿ ಕಸ್ಟಮ್ ಹ್ಯಾಂಡ್ಲರ್ ಎಂಬ ಸವಲತ್ತಿದ್ದು, ಎಚ್‌ಟಿಟಿಪಿಯಲ್ಲಿ ಉತ್ತರಿಸಬಲ್ಲ ಯಾವ ಭಾಷೆಯನ್ನಾದರೂ ಹೋಸ್ಟ್‌ಗೆ ಜೋಡಿಸಬಹುದು.

ಸೇರ್ಪಡೆಯ ಕ್ರಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಪಾಚೆ ಓಪನ್‌ವಿಸ್ಕ್‌ನಲ್ಲಿ. ಐಬಿಎಂ 2016ರ ಫೆಬ್ರವರಿಯಲ್ಲಿ ಹೊರಬಿಟ್ಟ ಈ ವೇದಿಕೆ ಅದೇ ವರ್ಷ ಅಪಾಚೆ ಪ್ರತಿಷ್ಠಾನದ ಇನ್‌ಕ್ಯುಬೇಟರ್ ಸೇರಿ, 2019ರಲ್ಲಿ ಅಲ್ಲಿಯ ಪೂರ್ಣ ಯೋಜನೆಯಾಯಿತು. ಜಾವಾಸ್ಕ್ರಿಪ್ಟ್, ಸ್ವಿಫ್ಟ್‌ಗಳಿಂದ ಶುರುವಾದ ಪಟ್ಟಿಗೆ ಪಿಎಚ್‌ಪಿ, ರೂಬಿ, ಗೋ, ರಸ್ಟ್ ಸೇರಿದವು. ಕೊಲಂಬೊದ ಡಬ್ಲ್ಯುಎಸ್‌ಓ2 ಕಂಪನಿಯಲ್ಲಿ ಹುಟ್ಟಿದ ಬ್ಯಾಲೆರಿನಾ ಕೂಡ ಅಲ್ಲಿದೆ.

ಓಪನ್‌ವಿಸ್ಕ್‌ಗೆ ಯಾವ ಭಾಷೆಯೂ ಬರುವುದಿಲ್ಲ ಎಂದರೆ ಅತಿಶಯೋಕ್ತಿಯಲ್ಲ. ಅದಕ್ಕೆ ಗೊತ್ತಿರುವುದು ಒಂದು ಡಾಕರ್ ಕಂಟೇನರ್, ಅದರ 8080ನೇ ಪೋರ್ಟ್, ಆ ಪೋರ್ಟಿನಲ್ಲಿ 'ಇನಿಟ್' ಮತ್ತು 'ರನ್' ಎಂಬ ಎರಡು ವಿಳಾಸ. ಇನಿಟ್‌ಗೆ ಪ್ರೋಗ್ರಾಮಿನ ಪಠ್ಯ ಬರುತ್ತದೆ. ಒಂದು ಕಂಟೇನರಿಗೆ ಇದು ಒಂದೇ ಸಲ. ಮತ್ತೆ ಬಂದರೆ ನಿರಾಕರಿಸಬೇಕು. ರನ್‌ಗೆ ಪ್ರತಿ ಕರೆಯ ಮಾಹಿತಿ ಜೇಸನ್ ರೂಪದಲ್ಲಿ ಬರುತ್ತದೆ, ಫಲಿತಾಂಶವೂ ಜೇಸನ್ ಆಗಿಯೇ ಹೊರಡಬೇಕು. ಈ ಎರಡಕ್ಕೂ ಉತ್ತರಿಸುವ ಪುಟ್ಟ ಸರ್ವರನ್ನು ಪ್ರತಿ ಭಾಷೆಯಲ್ಲೂ ಹೊಸದಾಗಿ ಬರೆಯುವ ಶ್ರಮ ಬೇಡವೆಂದು ಆ್ಯಕ್ಷನ್‌ಲೂಪ್ ಎಂಬ ಮಧ್ಯವರ್ತಿ ಬಂತು. ಗೋ ಭಾಷೆಯಲ್ಲಿರುವ ಅದು ಎಚ್‌ಟಿಟಿಪಿಯ ಭಾರವನ್ನೆಲ್ಲ ತಾನೇ ಹೊರುತ್ತದೆ. ಹೊಸ ಭಾಷೆಯವರು ಒಂದೊಂದೇ ಸಾಲು ಓದಿ, ಉತ್ತರವನ್ನು ಮೂರನೇ ಫೈಲ್ ಡಿಸ್ಕ್ರಿಪ್ಟರಿಗೆ ಬರೆಯುವ ಕುಣಿಕೆಯೊಂದನ್ನು ಕೊಟ್ಟರಾಯಿತು.

ತಮಿಳು ಲಿಪಿಯಲ್ಲೇ ಪ್ರೋಗ್ರಾಂ ಬರೆಯಬಹುದಾದ ಎಳಿಲ್ ಭಾಷೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. (ೞಕಾರವನ್ನು ಕನ್ನಡ ಕೈಬಿಡದೆ ಇದ್ದಿದ್ದರೆ ಎೞಿಲ್ ಎಂದು ಸರಿಯಾಗಿಯೇ ಬರೆಯುತ್ತಿದ್ದೆವು.) ಮುತ್ತಯ್ಯ ಅಣ್ಣಾಮಲೈ 2009ರಲ್ಲಿ ಪ್ರಬಂಧವೊಂದರಲ್ಲಿ ಪರಿಚಯಿಸಿದ ಈ ಭಾಷೆಯಲ್ಲಿ ಮುದ್ರಿಸುವ ಆಜ್ಞೆ 'ಪದಿಪ್ಪಿ'. ಇದರ ಇಂಟರ್‌ಪ್ರಿಟರ್ ಪೈಥಾನ್‌ನಲ್ಲಿದೆ, ಓಪನ್ ಸೋರ್ಸ್ ಕೂಡ. ಆದ್ದರಿಂದ ಚೆನ್ನೈಯ ವಿದ್ಯಾರ್ಥಿಯೊಬ್ಬ ಇದನ್ನು ಓಪನ್‌ವಿಸ್ಕ್‌ಗೆ ತರಲು ಕೂತರೆ ಪೈಥಾನ್ ಕಂಟೇನರಿನೊಳಗೆ ಇಂಟರ್‌ಪ್ರಿಟರನ್ನು ಕೂರಿಸಿ, ಕುಣಿಕೆ ಬರೆಯುವವರೆಗೆ ಕೆಲಸ ಸರಾಗ. ತೊಡಕು ಅಲ್ಲಿಂದ ಮುಂದೆ.

ಮೊದಲ ತೊಡಕು ಲಾಗ್‌ನದು. ಆ್ಯಕ್ಷನ್‌ಲೂಪ್ ಬಳಸಿದರೆ ಅದೇ ನೋಡಿಕೊಳ್ಳುತ್ತದೆ, ಸರ್ವರನ್ನು ತಾನೇ ಬರೆದುಕೊಂಡರೆ ಮಾತ್ರ ಪ್ರತಿ ಕರೆ ಮುಗಿದಾಗಲೂ ರನ್‌ಟೈಮು 'ಇಲ್ಲಿಗೆ ಈ ಕರೆ ಮುಗಿಯಿತು' ಎಂಬರ್ಥದ, ಹಿಂದೆ ಮುಂದೆ ಮೂರು ಮೂರು ಎಕ್ಸ್ ಅಕ್ಷರವಿರುವ ಗೊತ್ತಾದ ಸಾಲೊಂದನ್ನು ಮುದ್ರಿಸಬೇಕು. ಸಾಮಾನ್ಯ ಔಟ್‌ಪುಟ್ಟಿಗೊಮ್ಮೆ, ದೋಷದ ಔಟ್‌ಪುಟ್ಟಿಗೊಮ್ಮೆ. ಒಂದರಲ್ಲಿ ಮರೆತರೂ ವೇದಿಕೆ ಇನ್ನೂ ಲಾಗ್ ಬರಲಿದೆ ಎಂದು ಕಾಯುತ್ತ ಕೂರುತ್ತದೆ. ಫಲಿತಾಂಶ ಸರಿಯಾಗಿ ಬಂದಿರುವುದರಿಂದ ತಪ್ಪು ಎಲ್ಲಿದೆ ಎಂಬುದೇ ಹೊಳೆಯುವುದಿಲ್ಲ.

ಎರಡನೆಯದು ಅಕ್ಷರದ್ದು. ಓಪನ್‌ವಿಸ್ಕ್‌ನ ಸಾಮಾನ್ಯ ಪರೀಕ್ಷಾ ಸಂಚಯದಲ್ಲಿ, ಹಿಮಮಾನವನ ಯೂನಿಕೋಡ್ ಚಿಹ್ನೆಯನ್ನು ಎರಡು ಹಿಮದ ಹರಳುಗಳ ನಡುವೆ ಇಟ್ಟು ಕಳಿಸುವ ಪರೀಕ್ಷೆಯೊಂದಿದೆ. ಪ್ರೋಗ್ರಾಂ ಪಠ್ಯ, ಮಾಹಿತಿ, ಲಾಗ್, ಫಲಿತಾಂಶ ಎಲ್ಲದರಲ್ಲೂ ಆ ಚಿಹ್ನೆಗಳು ಕೆಡದೆ ಬರಬೇಕು. ಹಿಮ ಕಾಣದ ಚೆನ್ನೈಗೆ ಇದು ತಮಾಷೆ ಅನ್ನಿಸಬಹುದು, ಆದರೆ ತಮಿಳು, ಕನ್ನಡ ಅಕ್ಷರಗಳಿಗೂ ಅದೇ ಹಾದಿ. ಚಿಕ್ಕದಾಗಿರಲೆಂದು ಕತ್ತರಿಸಿದ ಕಂಟೇನರುಗಳಲ್ಲಿ ಭಾಷಾ ನೆಲೆ (ಲೊಕೇಲ್) ಹೊಂದಿಸಿರುವುದಿಲ್ಲ. ಹಳೆಯ ಪೈಥಾನ್ ಆವೃತ್ತಿಗಳು ಅಂಥಲ್ಲಿ ಇಂಗ್ಲಿಷೇತರ ಅಕ್ಷರ ಮುದ್ರಿಸಲು ಹೋಗಿ ದೋಷ ಎಸೆಯುತ್ತಿದ್ದವು. 3.7ನೇ ಆವೃತ್ತಿಯಿಂದ ಈ ಕಾಟ ಬಹುಮಟ್ಟಿಗೆ ತಪ್ಪಿತು. ಅಂದಹಾಗೆ ಈ ಪರೀಕ್ಷೆಗಳೆಲ್ಲ ಇರುವುದು ಸ್ಕಾಲಾದಲ್ಲಿ. ಯಾವ ಭಾಷೆಯನ್ನು ಸೇರಿಸಲು ಬಂದವರೂ ಸ್ವಲ್ಪ ಸ್ಕಾಲಾ ಕಲಿಯದೆ ಹೊರಬೀಳುವಂತಿಲ್ಲ.

ಇತರ ವೇದಿಕೆಗಳ ಒಪ್ಪಂದಗಳೂ ದೂರದವಲ್ಲ. ಓಪನ್‌ಫಾಸ್‌ನಲ್ಲಿ ವಾಚ್‌ಡಾಗ್ ಎಂಬ ಪ್ರೋಗ್ರಾಂ ಮುಂದೆ ನಿಂತು ಕರೆಗಳನ್ನು ಒಳಗೆ ದಾಟಿಸುತ್ತದೆ, ಹೊಸ ಭಾಷೆಗೆ ಟೆಂಪ್ಲೇಟ್ ಒಂದು ಸಾಕು. ಕುಬರ್ನೆಟಿಸ್ ಮೇಲೆ ಓಡುವ ಫಿಷನ್ ಖಾಲಿ ಕಂಟೇನರುಗಳನ್ನು ಮೊದಲೇ ಎಬ್ಬಿಸಿಟ್ಟು, ಕರೆ ಬಂದ ಗಳಿಗೆಯಲ್ಲಿ ಒಂದಕ್ಕೆ ಪ್ರೋಗ್ರಾಂ ತುಂಬುತ್ತದೆ. ಕಂಟೇನರ್ ಏಳುವ ತಡವನ್ನು ತಪ್ಪಿಸಲು ಓಪನ್‌ವಿಸ್ಕ್ ಕೂಡ ಇದೇ ಉಪಾಯ ಮಾಡುತ್ತದೆ. ಅಂಥ ಕಂಟೇನರಿಗೆ ಅಲ್ಲಿ 'ಸ್ಟೆಮ್ ಸೆಲ್' ಎಂದು ಹೆಸರು.

ಕೊನೆಗೆ ಭಾಷೆಯ ಹೆಸರು, ಆವೃತ್ತಿ, ಕಂಟೇನರ್ ಚಿತ್ರಿಕೆಯ ವಿವರಗಳನ್ನು ರನ್‌ಟೈಮ್ಸ್ ಎಂಬ ಜೇಸನ್ ಕಡತದಲ್ಲಿ ನಮೂದಿಸಿದರೆ ವೇದಿಕೆ ಆ ಭಾಷೆಯನ್ನು ಗುರುತಿಸುತ್ತದೆ. ಹೊರೆ ನಿಜವಾಗಿ ಶುರುವಾಗುವುದು ಆಮೇಲೆ. ಭಾಷೆಯ ಪ್ರತಿ ಹೊಸ ಆವೃತ್ತಿಗೂ ಕಂಟೇನರ್ ಮತ್ತೆ ಕಟ್ಟಬೇಕು, ಭದ್ರತಾ ಲೋಪಗಳಿಗೆ ತೇಪೆ ಹಾಕಬೇಕು. ಸೇರಿಸಿದವರು ಬೇರೆ ಕೆಲಸಕ್ಕೆ ಹೋದರೆ ಅದನ್ನೆಲ್ಲ ಕೇಳುವವರಿರುವುದಿಲ್ಲ. ಆ ಸ್ಥಿತಿಗಾಗಿ ಅದೇ ಕಡತದಲ್ಲಿ 'ಡೆಪ್ರಿಕೇಟೆಡ್' ಎಂಬ ಕಲಮೊಂದಿದೆ. ಅದನ್ನು ಹೌದು ಎಂದು ಬದಲಿಸಿದ ದಿನದಿಂದ ಆ ಭಾಷೆಯಲ್ಲಿ ಹೊಸ ಫಂಕ್ಷನ್ ಸೇರಿಸಲಾಗದು, ಹಳೆಯವನ್ನು ಓಡಿಸಲೂ ಆಗದು. ಅವನ್ನು ತೆರೆದು ನೋಡಬಹುದು, ಅಳಿಸಬಹುದು, ಅಷ್ಟೆ.