ಕಾಫಿ ರೇಟು ಏರಿದರೆ ಕೂಲಿ ಯಾಕೆ ಏರಲ್ಲ? ಕೊರೊನಾ ನಂತರದ ತೋಟದ ಲೆಕ್ಕ

2025ರ ಫೆಬ್ರವರಿಯಲ್ಲಿ ಊರಿಗೆ ಹೋಗಿದ್ದೆ. ಮೂಡಿಗೆರೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಬ್ಬರು ಬೆಳೆಗಾರರು ಮೊಬೈಲ್ ನೋಡಿಕೊಂಡು ನ್ಯೂಯಾರ್ಕ್ ಮಾರುಕಟ್ಟೆಯ ರೇಟು ಮಾತಾಡ್ತಿದ್ದರು. ಅರೇಬಿಕಾ ಪಾರ್ಚ್‌ಮೆಂಟ್ 50 ಕೆ.ಜಿ. ಮೂಟೆಗೆ 25 ಸಾವಿರ ರೂಪಾಯಿ ದಾಟಿತ್ತು. 2020ರ ಕೊನೆಯಲ್ಲಿ ಅದೇ ಮೂಟೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. "ಹೌದಂತೆ, ರೈಟರು ಹೇಳ್ತಿದ್ರು" ಅಂದಳು. ನಿನಗೆಷ್ಟು ಜಾಸ್ತಿ ಆಯ್ತು ಅಂತ ಕೇಳಿದೆ. "ನಮ್ದು ಏಪ್ರಿಲ್‌ನಲ್ಲಿ ಅಲ್ವಾ ಮಗ" ಅಂದಳು.

ಅಮ್ಮ ಮೂಡಿಗೆರೆ-ಕಳಸ ರಸ್ತೆಯ ಒಂದು ತೋಟದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹಾಜರಿ ಆಳು. ನಾನು ಬೆಳೆದದ್ದು ಅದೇ ತೋಟದ ಲೈನ್ ಮನೆಯಲ್ಲಿ. ಅವಳ ಆ ಮಾತನ್ನು ಬಿಡಿಸಿ ನೋಡಿದರೆ, "ಆರ್ಥಿಕತೆ ಚೇತರಿಸಿಕೊಂಡಿದೆ" ಅನ್ನೋ ಸುದ್ದಿಯನ್ನು ಕಾಫಿ ಸೀಮೆಯಿಂದ ಹೇಗೆ ಓದಬೇಕು ಅಂತ ಗೊತ್ತಾಗುತ್ತೆ. ಈ ಬರಹ ಅದಕ್ಕಾಗಿ.

ಹಾಜರಿ ಮತ್ತು ಕೆ.ಜಿ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ಕೂಲಿ ಎರಡು ಥರ. ಮೊದಲನೆಯದು ಹಾಜರಿ. ಬೆಳಿಗ್ಗೆ ಹೆಸರು ಕೂಗ್ತಾರೆ, ದಿನ ಮುಗಿದರೆ ಒಂದು ಹಾಜರಿ, ಬಟವಾಡೆ ದಿನ ಅಷ್ಟೂ ಹಾಜರಿಯ ದುಡ್ಡು. ಹೆಸರು ಪುಸ್ತಕದಲ್ಲಿ ಇದ್ದವರಿಗೆ ಪಿಎಫ್, ಬೋನಸ್, ಗ್ರಾಚ್ಯುಟಿ ಕೇಳುವ ಹಕ್ಕಿರುತ್ತೆ. 1972ರ ಗ್ರಾಚ್ಯುಟಿ ಕಾಯ್ದೆ ಪ್ಲಾಂಟೇಶನ್‌ಗಳನ್ನು ಹೆಸರಿಸಿಯೇ ಒಳಗೆ ತಂದಿತ್ತು.

ಎರಡನೆಯದು ಕೆ.ಜಿ. ಲೆಕ್ಕ. ಹಣ್ಣು ಕುಯ್ದು ಸಂಜೆ ತೂಕ ಹಾಕಿದಷ್ಟಕ್ಕೆ ದುಡ್ಡು. ಒಳ್ಳೆ ಫಸಲಿನ ಪಟ್ಟೆ ಸಿಕ್ಕಿದರೆ ಹಾಜರಿಗಿಂತ ಜಾಸ್ತಿಯೇ ಆಗುತ್ತೆ. ಕೊನೆ ಸುತ್ತಿನಲ್ಲಿ, ಗಿಡಕ್ಕೆ ನಾಲ್ಕು ಹಣ್ಣಿರುವಾಗ, ದಿನಾ ಬೆನ್ನು ಬಗ್ಗಿಸಿದರೂ ಅರ್ಧ ಹಾಜರಿ ಆಗಲ್ಲ. ಮಳೆ ಬಂದರೆ ಸೊನ್ನೆ. ಈ ಲೆಕ್ಕದಲ್ಲಿ ದುಡಿಯುವ ಬಹಳಷ್ಟು ಜನ ಮೇಸ್ತ್ರಿಯ ಮೂಲಕ ಬಂದವರು. ಮೊದಲೆಲ್ಲ ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ತಮಿಳುನಾಡಿನಿಂದ ಬರ್ತಿದ್ದರು. ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್, ಒಡಿಶಾದಿಂದಲೂ ಬರ್ತಾರೆ. ಇವರ ಹೆಸರು ಎಷ್ಟೋ ಸಲ ಮೇಸ್ತ್ರಿಯ ಚೀಟಿಯಲ್ಲಷ್ಟೇ ಇರುತ್ತೆ.

ಏಪ್ರಿಲ್‌ನಲ್ಲಿ ಏನಾಗುತ್ತೆ?

1948ರ ಕಾಯ್ದೆಯಡಿ ಕಾಫಿ ತೋಟದ ಕೆಲಸ ಕನಿಷ್ಠ ವೇತನದ ಅನುಸೂಚಿತ ಉದ್ಯೋಗವಾಗಿತ್ತು. ದಿನಗೂಲಿಯಲ್ಲಿ ಎರಡು ಭಾಗ: ಮೂಲ ವೇತನ ಮತ್ತು ವ್ಯತ್ಯಾಸವಾಗುವ ತುಟ್ಟಿಭತ್ಯೆ. ಮೂಲ ವೇತನವನ್ನು ಸರ್ಕಾರ ಅಧಿಸೂಚನೆ ಹೊರಡಿಸಿ ಪರಿಷ್ಕರಿಸಬೇಕು. 1948ರ ಕಾಯ್ದೆ ಪ್ರಕಾರ ಆ ಅಂತರ ಐದು ವರ್ಷ ಮೀರಬಾರದಿತ್ತು. ತುಟ್ಟಿಭತ್ಯೆ ಮಾತ್ರ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪ್ರತಿ ಏಪ್ರಿಲ್ 1ರಿಂದ ಏರುತ್ತೆ.

ಅಮ್ಮ ಹೇಳಿದ್ದು ಇದನ್ನೇ. ಈ ಏರಿಕೆಯ ಕೆಲಸ ಒಂದೇ: ಅಕ್ಕಿ, ಎಣ್ಣೆ, ಬಸ್ ಚಾರ್ಜು ಎಷ್ಟು ಏರಿತೋ ಅಷ್ಟನ್ನು, ಅದೂ ಒಂದು ವರ್ಷ ತಡವಾಗಿ, ಸರಿದೂಗಿಸೋದು. ಕಾಫಿ ಬೆಲೆ ಎರಡು ಪಟ್ಟಾದರೂ ತುಟ್ಟಿಭತ್ಯೆಗೆ ಅದು ಗೊತ್ತೇ ಆಗಲ್ಲ.

ಆ ಚೂರನ್ನೂ ತಡೆಯುವ ಯತ್ನ ಕೊರೊನಾ ಕಾಲದಲ್ಲಿ ನಡೆಯಿತು. 2020ರ ಜುಲೈನಲ್ಲಿ ರಾಜ್ಯ ಸರ್ಕಾರ ಆ ವರ್ಷದ ತುಟ್ಟಿಭತ್ಯೆಯನ್ನು 2021ರ ಮಾರ್ಚ್ ಕೊನೆಯವರೆಗೆ ಮುಂದೂಡಿ ಆದೇಶ ಹೊರಡಿಸಿತು. ಉದ್ಯಮಗಳು ಕಷ್ಟದಲ್ಲಿವೆ ಅನ್ನೋದು ಕಾರಣ. ಎಐಟಿಯುಸಿ ಹೈಕೋರ್ಟಿಗೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ನಮ್ಮ ಲೈನಿನಲ್ಲಿ ಯಾರಿಗೂ ಈ ಕೇಸಿನ ಸುದ್ದಿ ಗೊತ್ತಿರಲಿಲ್ಲ. ನನಗೂ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಕಾಫಿ ಬೆಲೆ ನಿಗದಿಯಾಗೋದು ಎಲ್ಲಿ?

1990ರ ದಶಕದ ಮೊದಲವರೆಗೂ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಗೇ ಕೊಡಬೇಕಿತ್ತು, ಮಂಡಳಿಯೇ ಮಾರುತ್ತಿತ್ತು. ಉದಾರೀಕರಣದ ನಂತರ ಆ ವ್ಯವಸ್ಥೆ ಹಂತಹಂತವಾಗಿ ಹೋಯಿತು. ಈಗ ಅರೇಬಿಕಾಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್ ಮಾರುಕಟ್ಟೆ ದಾರಿ ತೋರಿಸುತ್ತೆ. 2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟುಹೋದವು. ಇಲ್ಲಿ ರೇಟು ಏರಿತು. ಭಾರತದ ಕಾಫಿ ರಫ್ತು 2020-21ರಲ್ಲಿ ಸುಮಾರು 72 ಕೋಟಿ ಡಾಲರ್ ಇತ್ತು. 2021-22ರಲ್ಲಿ 100 ಕೋಟಿ ದಾಟಿತು, 2024-25ರಲ್ಲಿ ಸುಮಾರು 180 ಕೋಟಿಗೆ ಹೋಯಿತು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು.

ಒಂದು ಸಣ್ಣ ಲೆಕ್ಕ ಹಾಕೋಣ. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟಿಗೆ ಸುಮಾರು 250 ಕೆ.ಜಿ. ಹಣ್ಣು ಬೇಕು. ಕುಯ್ಯೋ ದರ ತೋಟದಿಂದ ತೋಟಕ್ಕೆ ಬೇರೆ. ಉದಾಹರಣೆಗೆ ಕೆ.ಜಿ.ಗೆ 5 ರೂಪಾಯಿ ಅಂತಿಟ್ಟುಕೊಳ್ಳಿ. ಮೂಟೆಗೆ 1,250 ರೂಪಾಯಿ ಆಯ್ತು. ಮೂಟೆ 10,000ಕ್ಕೆ ಹೋದಾಗ ಅದು ಶೇ. 12.5. ಇನ್ನು ಮೂಟೆ 25,000ಕ್ಕೆ ಹೋಗಿದೆ, ಕುಯ್ಯೋ ದರವೂ 7 ರೂಪಾಯಿ ಆಗಿದೆ ಅನ್ನಿ. ಮೂಟೆಗೆ 1,750. ಪಾಲು ಶೇ. 7ಕ್ಕೆ ಇಳಿಯಿತು. ಕೂಲಿ ಏರಿದೆ ಅನ್ನೋದೂ ನಿಜ, ಕೂಲಿಯವರ ಪಾಲು ಇಳಿದಿದೆ ಅನ್ನೋದೂ ನಿಜ. ಚರ್ಚೆಗಳಲ್ಲಿ ಮೊದಲನೆಯದಷ್ಟೇ ಕೇಳಿಸುತ್ತೆ.

ಲಾಭದಲ್ಲಿ ಆಳಿಗೆ ಪಾಲು ತರುವ ಕಾನೂನು ದಾರಿ ಒಂದಿದೆ, ಬೋನಸ್. 1965ರ ಕಾಯ್ದೆಯಲ್ಲಿ ಇದ್ದದ್ದು ಈಗ ವೇತನ ಸಂಹಿತೆಯೊಳಗೆ ಸೇರಿದೆ. ಕನಿಷ್ಠ ಶೇ. 8.33, ಗರಿಷ್ಠ ಶೇ. 20. ಆದರೆ ಅದು 20 ಅಥವಾ ಹೆಚ್ಚು ಜನ ದುಡಿಯುವ ಕಡೆ. ಮೇಸ್ತ್ರಿ ಚೀಟಿಯಲ್ಲಿ ಹೆಸರಿದ್ದವರು ಬೋನಸ್ ಕೇಳಬೇಕೆಂದರೆ ತಾವು ಅಲ್ಲಿ ದುಡಿದಿದ್ದೇವೆ ಅಂತ ಮೊದಲು ಸಾಬೀತು ಮಾಡಬೇಕು.

ಲಾಕ್‌ಡೌನ್ ಬಂದ ಹೊತ್ತು

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಅರೇಬಿಕಾ ಕುಯ್ಲು ಮುಗಿದು ಎಷ್ಟೋ ದಿನವಾಗಿತ್ತು. ರೋಬಸ್ಟಾ ಕೊನೆ ಸುತ್ತು, ಮೆಣಸು ಕುಯ್ಲು ನಡೀತಿತ್ತು. ಅಂದರೆ ಬೆಳೆಯ ಬಹುಪಾಲು ಕಣ ಸೇರಿಯಾಗಿತ್ತು. ನಿಂತದ್ದು ಮುಂದಿನ ಕೆಲಸ: ಕಪಾತು, ಮರಗಸಿ, ಗೊಬ್ಬರ. ಮಳೆಗಾಲಕ್ಕೆ ಮುಂಚೆ ನಾಲ್ಕು ಕಾಸು ಕೂಡಿಡೋದು ಆಳುಗಳಿಗೆ ಇದೇ ಎರಡು ತಿಂಗಳಲ್ಲಿ.

ಏಪ್ರಿಲ್ 15ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿ 20ರಿಂದ ಚಹಾ, ಕಾಫಿ, ರಬ್ಬರ್ ತೋಟಗಳಿಗೆ ಅನುಮತಿ ಕೊಟ್ಟಿತು. ಷರತ್ತು: ಗರಿಷ್ಠ ಶೇ. 50 ಕಾರ್ಮಿಕರು. ಕಾಗದದ ಮೇಲೆ ಇದು ಅಂತರ ಕಾಪಾಡುವ ನಿಯಮ. ನಮ್ಮ ಲೈನಿನಲ್ಲಿ ಇದು ಸರದಿ ಆಯ್ತು, ವಾರಕ್ಕೆ ಮೂರು ಹಾಜರಿ. ದಿನಗೂಲಿ ಒಂದು ಪೈಸೆ ಇಳಿಯಲಿಲ್ಲ, ತಿಂಗಳ ಸಂಬಳ ಅರ್ಧ ಆಯ್ತು. ಅದಕ್ಕೇ ಕೂಲಿ ಅಂದಾಗ ದರ ಕೇಳಿದರೆ ಸಾಲದು, ಎಷ್ಟು ದಿನ ಕೆಲಸ ಸಿಕ್ಕಿತು ಅಂತಲೂ ಕೇಳಬೇಕು.

ನಾನು ಆಗ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಬಿಲ್ಲಿಂಗ್ ಕೆಲಸದಲ್ಲಿದ್ದೆ. ಮಾರ್ಚ್ ಸಂಬಳ ಅರ್ಧ ಬಂತು, ಏಪ್ರಿಲ್‌ದು ಬರಲೇ ಇಲ್ಲ. ಮೇ ಮೊದಲ ವಾರ ಸರ್ಕಾರ ಬಿಟ್ಟ ಉಚಿತ ಬಸ್ಸಿನಲ್ಲಿ ಊರಿಗೆ ಬಂದೆ. ನನ್ನ ಹಾಗೆ ಲೈನಿನ ಮನೆಮನೆಗೂ ಒಬ್ಬೊಬ್ಬರು ವಾಪಸ್ ಬಂದಿದ್ದರು. ಹೊರನಾಡು ಕಡೆ ಲಾಡ್ಜ್, ಮುಳ್ಳಯ್ಯನಗಿರಿ ಕಡೆ ಹೋಮ್‌ಸ್ಟೇ ಕೆಲಸಕ್ಕೆ ಹೋಗ್ತಿದ್ದವರೂ ಮನೆಯಲ್ಲೇ. ನವೆಂಬರ್‌ನಲ್ಲಿ ಕುಯ್ಲು ಶುರುವಾದಾಗ ನಾನೂ ಕೆ.ಜಿ. ಲೆಕ್ಕಕ್ಕೆ ಚೀಲ ಕಟ್ಟಿಕೊಂಡೆ. ಅಮ್ಮ ಕುಯ್ದದ್ದರ ಅರ್ಧ ಕುಯ್ಯೋಕೂ ನನಗೆ ಆಗ್ತಿರಲಿಲ್ಲ.

ಸರ್ಕಾರಿ ಅಂಕಿಅಂಶದಲ್ಲಿ ನಾನು ಆಗ ನಿರುದ್ಯೋಗಿ ಅಲ್ಲ. ಕೃಷಿ ಉದ್ಯೋಗಿ. ಕೇಂದ್ರದ ಕಾರ್ಮಿಕ ಪಡೆ ಸಮೀಕ್ಷೆಗಳ ಪ್ರಕಾರ ದೇಶದ ದುಡಿಯುವವರಲ್ಲಿ ಕೃಷಿಯಲ್ಲಿರುವವರ ಪಾಲು 2018-19ರಲ್ಲಿ ಶೇ. 42.5 ಇದ್ದದ್ದು 2020-21ರಲ್ಲಿ ಶೇ. 46.5 ಆಯಿತು. 2023-24ರಲ್ಲೂ ಅದು ಶೇ. 46ರಷ್ಟಿತ್ತು. ನಿರುದ್ಯೋಗ ಕಮ್ಮಿಯಾಯ್ತು ಅಂತ ಯಾರಾದರೂ ಹೇಳಿದಾಗ ಈ ಸಂಖ್ಯೆಯನ್ನೂ ಪಕ್ಕದಲ್ಲಿಟ್ಟು ನೋಡಿ.

ಪರಿಹಾರದ ಪಟ್ಟಿ

2021ರ ಮೇ ತಿಂಗಳಲ್ಲಿ ಎರಡನೇ ಅಲೆಯ ಹೊತ್ತಿಗೆ ರಾಜ್ಯ ಸರ್ಕಾರ 1,250 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕಟ್ಟಡ ಕಾರ್ಮಿಕರಿಗೆ, ಆಟೋ-ಟ್ಯಾಕ್ಸಿ ಚಾಲಕರಿಗೆ 3,000. ಅಸಂಘಟಿತ ಕಾರ್ಮಿಕರಿಗೆ 2,000: ಕ್ಷೌರಿಕರು, ಅಗಸರು, ಟೈಲರ್‌ಗಳು, ಹಮಾಲಿಗಳು, ಮನೆಕೆಲಸದವರು, ಚಮ್ಮಾರರು ಹೀಗೆ. ಕಾಫಿ ತೋಟದ ಆಳು ಆ ಪಟ್ಟಿಯಲ್ಲಿ ಇರಲಿಲ್ಲ. ಕಾನೂನಿನ ಕಣ್ಣಿಗೆ ಪ್ಲಾಂಟೇಶನ್ ಕಾರ್ಮಿಕರು ಸಂಘಟಿತ ವಲಯದವರು, ಮಾಲೀಕರು ಅವರನ್ನು ನೋಡಿಕೊಳ್ಳಬೇಕು. ಮೇಸ್ತ್ರಿ ಚೀಟಿಯವರನ್ನು ಮಾಲೀಕರ ಪುಸ್ತಕ ತನ್ನ ಆಳು ಅನ್ನಲ್ಲ. ಹೀಗೆ ಅವರು ಎರಡೂ ಕಡೆಯಿಂದ ಬಿಟ್ಟುಹೋದರು.

ಕೈಹಿಡಿದದ್ದು ರೇಷನ್ ಅಕ್ಕಿ ಮತ್ತು ನರೇಗಾ. ಕರ್ನಾಟಕದಲ್ಲಿ ನರೇಗಾ ಕೂಲಿ 249ರಿಂದ 2020-21ಕ್ಕೆ 275 ಆಯಿತು. ದೇಶದಲ್ಲಿ ಆ ವರ್ಷ 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು, ಹಿಂದಿನ ವರ್ಷ 265 ಕೋಟಿ ಇತ್ತು. ಆದರೆ ನಮ್ಮ ಕಡೆ ಜೂನ್ ಬಂತೆಂದರೆ ಮಳೆ. ಗುಂಡಿ ತೋಡೋದು ಇರಲಿ, ಪಂಚಾಯ್ತಿವರೆಗೆ ನಡೆಯೋದೇ ಕಷ್ಟ.

5 ಹೆಕ್ಟೇರಿನ ಗೆರೆ

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ಆಸ್ಪತ್ರೆ, 50 ಅಥವಾ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇವನ್ನೆಲ್ಲ ಮಾಲೀಕರ ಜವಾಬ್ದಾರಿ ಮಾಡಿತ್ತು. ಅನ್ವಯವಾಗುತ್ತಿದ್ದದ್ದು 5 ಹೆಕ್ಟೇರ್ ಅಥವಾ ಹೆಚ್ಚಿನ, 15 ಜನಕ್ಕೆ ಕಡಿಮೆಯಿಲ್ಲದ ತೋಟಗಳಿಗೆ. ಈಗ ಆ ಕಾಯ್ದೆ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಾಗಿವೆ. ಸಂಹಿತೆಯಲ್ಲಿ ಆಳುಗಳ ಸಂಖ್ಯೆ 10ಕ್ಕೆ ಇಳಿದಿದೆ, 5 ಹೆಕ್ಟೇರಿನ ಗೆರೆ ಹಾಗೇ ಇದೆ. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಸಣ್ಣವು, ಅವುಗಳಲ್ಲೂ ಬಹುಪಾಲು ಆ ಗೆರೆಯ ಕೆಳಗೇ ಇವೆ.

ಸಣ್ಣ ಬೆಳೆಗಾರರ ಮಾತನ್ನೂ ಕೇಳಬೇಕು. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜರಿದು ತೋಟ ಹೋದವು. 2021ರ ನವೆಂಬರ್‌ನಲ್ಲಿ ಅಕಾಲಿಕ ಮಳೆಗೆ ಹಣ್ಣು ಗಿಡದಲ್ಲೇ ಒಡೆದು ನೆಲಕ್ಕೆ ಬಿತ್ತು, ಕುಯ್ದದ್ದು ಕಣದಲ್ಲಿ ಒಣಗಲಿಲ್ಲ. ರೇಟು ಏರಿದ ವರ್ಷವೇ ಕೆಲವರಿಗೆ ಮಾರಲು ಮೂಟೆ ಇರಲಿಲ್ಲ. ನಾಲ್ಕೆಕರೆಯವನ ಮೇಲೆ ಆಸ್ಪತ್ರೆ ಕಟ್ಟು ಅಂತ ಹೇರೋದು ನ್ಯಾಯ ಅಲ್ಲ. ಆದರೆ ಅವನ ತೋಟದಲ್ಲಿ ದುಡಿದವಳಿಗೂ ಕಾಯಿಲೆ ಬರುತ್ತೆ. ಆ ಜವಾಬ್ದಾರಿ ಸರ್ಕಾರ ಹೊರಬೇಕು.

ಲೈನ್ ಮನೆ

ಕೂಲಿಯ ಇನ್ನೊಂದು ಭಾಗ ಲೈನ್ ಮನೆ. ಬಾಡಿಗೆ ಇಲ್ಲ ಅನ್ನೋದು ದೊಡ್ಡ ಆಸರೆ. ಕೆಲಸ ಬಿಟ್ಟರೆ ಮನೆ ಬಿಡಬೇಕು ಅನ್ನೋದು ಅದರ ಇನ್ನೊಂದು ಮುಖ. ವಾರಕ್ಕೆ ಮೂರು ಹಾಜರಿ ಆದಾಗ ಯಾರೂ ಜೋರಾಗಿ ಮಾತಾಡದೇ ಇದ್ದದ್ದು ಯಾಕೆ ಅಂತ ನನಗೆ ಆಮೇಲೆ ಅರ್ಥ ಆಯ್ತು. 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಒತ್ತುವರಿಯಾದ ಸರ್ಕಾರಿ ಜಾಗವನ್ನು 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಪ್ಲಾಂಟರ್‌ಗಳಿಗೇ ಕೊಡಲು ದಾರಿ ಮಾಡಲಾಯಿತು. ಅದೇ ತೋಟಗಳ ಲೈನಿನಲ್ಲಿ ಎರಡು ಮೂರು ತಲೆಮಾರು ಕಳೆದ ದಲಿತ, ಆದಿವಾಸಿ ಕುಟುಂಬಗಳು ನಿವೇಶನಕ್ಕೆ ಇನ್ನೂ ಅರ್ಜಿ ಹಾಕ್ತಾನೇ ಇದ್ದಾವೆ.

ಮುಂದಿನ ಸಲ ಕೇಳಬೇಕಾದದ್ದು

ಯಾರಾದರೂ ಕಾಫಿ ಸೀಮೆ ಚೇತರಿಸಿದೆ ಅಂದಾಗ ನಾಲ್ಕು ಪ್ರಶ್ನೆ ಕೇಳಿ. ತೋಟದ ಮೂಲ ವೇತನ ಕೊನೆಯ ಸಲ ಪರಿಷ್ಕರಣೆ ಆದದ್ದು ಯಾವಾಗ? ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿವೆ, ಮೇಸ್ತ್ರಿ ಚೀಟಿಯಲ್ಲಿ ಎಷ್ಟಿವೆ? ವರ್ಷಕ್ಕೆ ಎಷ್ಟು ದಿನ ಕೆಲಸ ಸಿಕ್ಕಿತು? ರೇಟು ಏರಿದ ವರ್ಷ ಬೋನಸ್ ಎಷ್ಟು ಕೊಟ್ಟರು?

ಮೊದಲನೆಯದಕ್ಕೆ ಉತ್ತರ ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿ ಸಿಗುತ್ತೆ, ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಉಳಿದ ಮೂರಕ್ಕೆ ಲೈನ್ ಮನೆಗೇ ಹೋಗಬೇಕು. ಭಾನುವಾರ ಹೋಗಿ, ಉಳಿದ ದಿನ ಯಾರೂ ಸಿಗಲ್ಲ. ನಾನು ಬೋನಸ್ ಪ್ರಶ್ನೆ ಕೇಳಿದಾಗ ಅಮ್ಮ ಟ್ರಂಕಿನಿಂದ ಹಳೆ ಬಟವಾಡೆ ಚೀಟಿಗಳ ಕಟ್ಟು ತೆಗೆದುಕೊಟ್ಟಳು. 2020ರ ಏಪ್ರಿಲ್, ಮೇ ಚೀಟಿಗಳು ಅದರಲ್ಲಿವೆ. ಎರಡೂ ತಿಂಗಳು ಸೇರಿ ಹಾಜರಿ 21.